ಕಾರಿನ ಎಂಜಿನ್ ಹಾಕಿ ವಿಮಾನ ಹಾರಿಸಬಹುದೇ? ಹಾರಿಸಬಹುದು, ಆದರೆ ಫಾರ್ವರ್ಡ್ ಮೆಸೇಜ್ ಹೇಳದ ಸಂಗತಿಯೇ ಮುಖ್ಯ

‘ಹಳೇ ಕಾರಿನ ಎಂಜಿನ್‌ನಿಂದ ವಿಮಾನ ತಯಾರಿಸಿದ ಯುವಕ, ಎಲ್ಲರಿಗೂ ಶೇರ್ ಮಾಡಿ’ ಎಂಬ ಧಾಟಿಯ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ನೋಡಿದವರಲ್ಲಿ ಎರಡು ಬಣ. ‘ಇಷ್ಟು ಸುಲಭವಿದ್ದರೂ ಕಂಪನಿಗಳು ವಿಮಾನದ ಎಂಜಿನ್‌ಗೆ ಲಕ್ಷಗಟ್ಟಲೆ ಕೀಳುತ್ತವೆ’ ಎನ್ನುವುದು ಒಂದು ಬಣ. ‘ಕಾರಿನ ಎಂಜಿನ್ ಹಾರುವುದುಂಟೇ, ಎಲ್ಲಾ ಫೇಕ್’ ಎನ್ನುವುದು ಇನ್ನೊಂದು. ನಾವು ಇಲ್ಲಿ ಯಾವುದೋ ಒಂದು ವಿಡಿಯೋದ ಸತ್ಯಾಸತ್ಯತೆ ನೋಡುತ್ತಿಲ್ಲ. ಇವೆಲ್ಲದರ ಹಿಂದಿರುವ ಮೂಲ ಪ್ರಶ್ನೆಯನ್ನು ನೋಡೋಣ. ಚುಟುಕಾಗಿ ಹೇಳುವುದಾದರೆ ಎರಡೂ ಬಣದ ಮಾತು ತಪ್ಪು.

ಹಾರಿದ್ದಂತೂ ನಿಜ

ಅಮೆರಿಕದ ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲೇ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ‘ಏರ್ ಕ್ಯಾಂಪರ್’ ಎಂಬ ಎರಡು ಸೀಟಿನ ವಿಮಾನ ಹಾರಿಸಿದ್ದರು. ಮುಂದೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಹವ್ಯಾಸಿಗಳ ಅಚ್ಚುಮೆಚ್ಚಾಯಿತು. ಅದು ಗಾಳಿಯಿಂದಲೇ ತಣ್ಣಗಾಗುತ್ತದೆ, ರೇಡಿಯೇಟರ್‌ನ ಭಾರವಿಲ್ಲ.

ಹಾಗಾದರೆ ಯಾವ ಕಾರಿನ ಎಂಜಿನ್ ಆದರೂ ಆದೀತೇ? ಇಲ್ಲಿಂದಲೇ ತೊಡಕು ಶುರು.

ಮೊದಲ ತೊಡಕು: ವೇಗ

ಇಂದಿನ ಪೆಟ್ರೋಲ್ ಕಾರಿನ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ ಸುಮಾರು 5500-6000 ಸುತ್ತು ತಿರುಗಿದಾಗ. 1.8 ಮೀಟರ್ ಉದ್ದದ ಪ್ರೊಪೆಲ್ಲರನ್ನು ನೇರವಾಗಿ ಅದಕ್ಕೆ ಜೋಡಿಸಿದರೆ ಅದರ ತುದಿ ಸೆಕೆಂಡಿಗೆ 500 ಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತುತ್ತದೆ. ಶಬ್ದದ ವೇಗವೇ ಸುಮಾರು 340 ಮೀಟರ್. ತುದಿ ಆ ವೇಗ ದಾಟಿದರೆ ಕಿವಿಗಡಚಿಕ್ಕುವ ಸದ್ದು ಬರುತ್ತದೆಯೇ ಹೊರತು ವಿಮಾನವನ್ನು ಎಳೆಯುವ ಬಲ ಕುಸಿಯುತ್ತದೆ.

ಅದಕ್ಕೇ ಲೈಕಮಿಂಗ್ ಒ-320ಯಂಥ ವಿಮಾನದ ಎಂಜಿನ್ 5.2 ಲೀಟರ್‌ನಷ್ಟು ದೊಡ್ಡದಿದ್ದರೂ 2700 ಸುತ್ತಿನಲ್ಲೇ 150-160 ಅಶ್ವಶಕ್ತಿ ಕೊಡುತ್ತದೆ. ಇಂದಿನ ಕಾರಿನ ಎಂಜಿನ್‌ನ ಪೂರ್ತಿ ಶಕ್ತಿ ಬಳಸುವವರು ಸಾಮಾನ್ಯವಾಗಿ ವೇಗ ತಗ್ಗಿಸುವ ಗೇರ್‌ಬಾಕ್ಸ್ ಸೇರಿಸಬೇಕಾಗುತ್ತದೆ. ಅಲ್ಲಿಗೆ ಭಾರವೂ ಹೆಚ್ಚಿತು, ಕೆಡಬಹುದಾದ ಭಾಗವೂ ಒಂದು ಹೆಚ್ಚಿತು.

ಬೆಂಗಳೂರಿನ ಎನ್‌ಎಎಲ್ ರೂಪಿಸಿದ ‘ಹಂಸ’ ತರಬೇತಿ ವಿಮಾನದಲ್ಲೂ ಇಂಥ ಗೇರ್‌ಬಾಕ್ಸ್ ಇದೆ. ಆದರೆ ಅದರ ರೋಟಾಕ್ಸ್ ಎಂಜಿನ್ ಕಾರಿನದ್ದಲ್ಲ, ಸಣ್ಣ ವಿಮಾನಗಳಿಗೆಂದೇ ತಯಾರಾದದ್ದು.

ಎರಡನೇ ತೊಡಕು: ದುಡಿಮೆ

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರು ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸುತ್ತದೆ. ವಿಮಾನದ ಎಂಜಿನ್ ಟೇಕಾಫ್‌ನಲ್ಲಿ ಪೂರ್ತಿ ಶಕ್ತಿ ಕೊಟ್ಟು, ಆಮೇಲೆ ಗಂಟೆಗಟ್ಟಲೆ ಸುಮಾರು ಶೇ. 65-75ರಷ್ಟು ಶಕ್ತಿಯಲ್ಲಿ ದುಡಿಯಬೇಕು. ಹೊರೆ ಹೊತ್ತು ಘಾಟಿ ಹತ್ತುವ ಕಾರು ಇಳಿಜಾರನ್ನೇ ಕಾಣದೆ ಹತ್ತುತ್ತಲೇ ಇದ್ದ ಹಾಗೆ.

ಮೂರನೇ ತೊಡಕು: ಕೆಟ್ಟರೆ ಏನು ಗತಿ?

ಕಾರು ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೇವೆ. ಆಕಾಶದಲ್ಲಿ ರಸ್ತೆ ಬದಿ ಇಲ್ಲ. ಆದ್ದರಿಂದ ಸಾಂಪ್ರದಾಯಿಕ ವಿಮಾನ ಎಂಜಿನ್‌ನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಕಿಡಿ ಕೊಡಲು ಎರಡು ಮ್ಯಾಗ್ನೆಟೋ. ಮ್ಯಾಗ್ನೆಟೋ ತಿರುಗುತ್ತಲೇ ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸುತ್ತದೆ. ಬ್ಯಾಟರಿ ಸತ್ತರೂ ಎಂಜಿನ್ ನಿಲ್ಲುವುದಿಲ್ಲ. ‘ಹಳೇ ಕಾಲದ ತಂತ್ರಜ್ಞಾನ’ ಎಂದು ಆಡಿಕೊಳ್ಳುವವರು ಮರೆಯುವುದು ಇದನ್ನೇ.

ಇದರ ಬೆಲೆ ಜರ್ಮನಿಯಲ್ಲಿ ಗೊತ್ತಾಯಿತು. ಅಲ್ಲಿನ ತೀಲರ್ಟ್ ಕಂಪನಿ ಮರ್ಸಿಡಿಸ್ ಎ-ಕ್ಲಾಸ್ ಕಾರಿನ 1.7 ಲೀಟರ್ ಡೀಸೆಲ್ ಎಂಜಿನನ್ನು ವಿಮಾನಕ್ಕೆ ಒಗ್ಗಿಸಿ, 2002ರಲ್ಲಿ ಅಧಿಕೃತ ಪ್ರಮಾಣಪತ್ರವನ್ನೂ ಪಡೆಯಿತು. ವಿಮಾನ ನಿಲ್ದಾಣಗಳಲ್ಲಿ ಸುಲಭವಾಗಿ ಸಿಗುವ ಜೆಟ್ ಇಂಧನದಿಂದಲೇ ಓಡುವುದು ಅದರ ದೊಡ್ಡ ಆಕರ್ಷಣೆ. ಎರಡು ಎಂಜಿನ್‌ನ ಡೈಮಂಡ್ ಡಿಎ42 ವಿಮಾನಕ್ಕೆ ಅದನ್ನೇ ಹಾಕಿದರು.

2007ರ ಮಾರ್ಚ್‌ನಲ್ಲಿ ಸ್ಪೈಯರ್ ಎಂಬಲ್ಲಿ ಇಂಥ ಒಂದು ವಿಮಾನದ ಬ್ಯಾಟರಿ ಇಳಿದುಹೋಗಿತ್ತು. ಹೊರಗಿನ ವಿದ್ಯುತ್ತಿನಿಂದ ಎಂಜಿನ್‌ಗಳನ್ನು ಸ್ಟಾರ್ಟ್ ಮಾಡಿ ಮೇಲೇರಿದರು. ಚಕ್ರಗಳನ್ನು ಒಳಗೆಳೆಯುವಾಗ ವೋಲ್ಟೇಜ್ ಒಮ್ಮೆ ಕುಸಿಯಿತು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗಳು ಮೊಬೈಲ್ ರೀಸ್ಟಾರ್ಟ್ ಆದಂತೆ ರೀಸೆಟ್ ಆದವು. ಎರಡೂ ಎಂಜಿನ್ ಒಟ್ಟಿಗೇ ನಿಂತವು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದೇ ಎರಡು ಎಂಜಿನ್ ಇದ್ದವು. ಆದರೆ ಎರಡೂ ನೆಚ್ಚಿಕೊಂಡದ್ದು ಒಂದೇ ವಿದ್ಯುತ್ ವ್ಯವಸ್ಥೆಯನ್ನು.

ಗಮನಿಸಿ: ಇಲ್ಲಿ ಮರ್ಸಿಡಿಸ್ ಎಂಜಿನ್ ಕೆಡಲಿಲ್ಲ. ಅದರ ಸುತ್ತ ಇದ್ದ ವ್ಯವಸ್ಥೆ ಕೈಕೊಟ್ಟಿತು. ಅದಾದ ಬಳಿಕ ಕಂಪ್ಯೂಟರ್‌ಗಳಿಗೆ ಪ್ರತ್ಯೇಕ ಬ್ಯಾಕಪ್ ಬ್ಯಾಟರಿ ಬಂತು.

ಹಾಗಾದರೆ ಕೈಬಿಟ್ಟರೇ?

ಇಲ್ಲ. 2008ರಲ್ಲಿ ತೀಲರ್ಟ್ ದಿವಾಳಿಯಾದರೂ ಆ ಎಂಜಿನ್ ವಂಶ ಬೇರೆ ಮಾಲೀಕರ ಕೈಯಲ್ಲಿ ಮುಂದುವರಿಯಿತು. ಡೈಮಂಡ್ ಬಳಗದ ಆಸ್ಟ್ರೋ ಎಂಜಿನ್ ಕಂಪನಿ ಇನ್ನೊಂದು ಮರ್ಸಿಡಿಸ್ ಡೀಸೆಲ್ ಎಂಜಿನನ್ನು ಆಧರಿಸಿ ತನ್ನದೇ ಎಂಜಿನ್ ತಂದಿತು. ಡಿಎ42 ಭಾರತದ ಪೈಲಟ್ ತರಬೇತಿಯಲ್ಲೂ ಬಳಕೆಯಲ್ಲಿದೆ.

ಎಲ್ಲರೂ ಗೆಲ್ಲಲಿಲ್ಲ ಎಂಬುದೂ ನಿಜ. ಪೋರ್ಷೆ ತನ್ನ 911 ಕಾರಿನ ಎಂಜಿನನ್ನು ಒಗ್ಗಿಸಿ 1980ರ ದಶಕದಲ್ಲಿ ಮೂನಿ ವಿಮಾನಕ್ಕೆ ಕೊಟ್ಟಿತು. ಅದು ನಯವಾಗಿ ಓಡಿತು, ಆದರೆ ನಾಲ್ಕು ಡಜನ್ ವಿಮಾನವೂ ತಯಾರಾಗಲಿಲ್ಲ. 1990ರ ದಶಕದ ಆರಂಭದಲ್ಲೇ ಪೋರ್ಷೆ ಹಿಂದೆ ಸರಿಯಿತು. ಕೆಲವರು ತಮ್ಮ ವಿಮಾನಕ್ಕೆ ಬೇರೆ ಎಂಜಿನ್ ಹಾಕಿಸಿಕೊಂಡರು.

ಫಾರ್ವರ್ಡ್ ಮಾಡುವ ಮುನ್ನ

ವಿಮಾನದ ಎಂಜಿನ್ ದುಬಾರಿಯಾಗಲು ಲಾಭ ಒಂದೇ ಕಾರಣವಲ್ಲ. ಕೆಲವೇ ಎಂಜಿನ್‌ಗಳು ತಯಾರಾಗುತ್ತವೆ, ಮತ್ತು ‘ಇದು ಕೆಟ್ಟರೆ ಏನಾಗುತ್ತದೆ’ ಎಂಬ ಪ್ರಶ್ನೆಗೆ ಪರೀಕ್ಷೆಗಳ ಮೂಲಕ ಉತ್ತರ ಕೊಡುವುದೇ ದೊಡ್ಡ ಖರ್ಚು.

ಹಾಗಾಗಿ ಮುಂದಿನ ಸಲ ಇಂಥ ವಿಡಿಯೋ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದು ನೆಲ ಬಿಟ್ಟು ಎಷ್ಟು ಹೊತ್ತು ಹಾರಿತು? ಎಂಜಿನ್ ನಿಂತರೆ ಇಳಿಯುವ ದಾರಿ ಏನಿತ್ತು? ಡಿಜಿಸಿಎ ಅನುಮತಿ ಇತ್ತೇ? ಭಾರತದಲ್ಲಿ ವಿಮಾನ ನೋಂದಣಿಯಾಗಿರಬೇಕು, ಹಾರಲು ಯೋಗ್ಯವೆಂದು ಪರೀಕ್ಷೆಯಾಗಿರಬೇಕು, ಹಾರಿಸುವವರ ಬಳಿ ಪರವಾನಗಿ ಇರಬೇಕು.

ಸ್ವಂತ ಕೈಯಿಂದ ವಿಮಾನ ಕಟ್ಟುವ ಹುಡುಗರ ಜಾಣ್ಮೆಯನ್ನು ಮೆಚ್ಚೋಣ. ಆದರೆ ‘ಇಷ್ಟೇನಾ, ನಾನೂ ಮಾಡಬಹುದು’ ಎಂದು ಆ ವಿಡಿಯೋ ನೋಡಿ ಹೊರಡುವ ಇನ್ನೊಬ್ಬ ಹುಡುಗನೂ ನಿಮ್ಮದೇ ಗುಂಪಿನಲ್ಲಿ ಇರಬಹುದು. ಅವನಿಗೆ ಉಳಿದರ್ಧ ಕಥೆಯನ್ನೂ ಕಳಿಸಿ.