ನಗೆಯ ಹಿಂದಿನ ನಾಚಿಕೆ

ಕರ್ನಾಟಕದ ಗಡಿಗೆ ಅಂಟಿದ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಉಮದಿ, ಸಂಖದ ಕಡೆ ಹಿರಿಯರನ್ನು ಕೇಳಿದರೆ ಕನ್ನಡ-ಮರಾಠಿ ಜಗಳ ಇಲ್ಲಿಲ್ಲರಿ, ಎಲ್ಲಾರೂ ಬೀಗರೇ ಎನ್ನುತ್ತಾರೆ. ಮಾತು ಸುಳ್ಳಲ್ಲ. ಗುಡ್ಡಾಪುರದ ದಾನಮ್ಮನ ಸನ್ನಿಧಿಗೆ ಎರಡೂ ರಾಜ್ಯಗಳ ಜನ ಬರುತ್ತಾರೆ. ಹೆಣ್ಣು ಕೊಟ್ಟು ತರುವುದು ಗಡಿ ನೋಡಿ ನಡೆದದ್ದಲ್ಲ. ಆದರೂ ಈ ನೆಮ್ಮದಿಯೇ ನಮ್ಮನ್ನು ಕಾಡುತ್ತಿದೆ, ಅದರಡಿ ಒಂದು ನಾಚಿಕೆ ಅಡಗಿದೆ.

ತಾಯಿ ಕನ್ನಡದಲ್ಲಿ ಕರೆದರೆ ಮಗ ಮರಾಠಿಯಲ್ಲಿ ಓಗೊಡುತ್ತಾನೆ. ಗೆಳೆಯರ ಎದುರು ಆಕೆ ಮಾತಾಡಿದರೆ ತಲೆ ತಗ್ಗಿಸುತ್ತಾನೆ. ಅತ್ತ ಮರಾಠಿ ಶಾಲೆಯ ಕಿರುನಾಟಕದಲ್ಲಿ ಪೆದ್ದನಿಗೆ ಕನ್ನಡ ಧಾಟಿಯ ಮರಾಠಿ, ಇತ್ತ ನಮ್ಮ ಜಾತ್ರೆಯ ನಾಟಕದಲ್ಲಿ ಠಕ್ಕನಿಗೆ ಮರಾಠಿ ಧಾಟಿಯ ಕನ್ನಡ. ನಗುವವರಿಗೆ ಕೇಡಿನ ಮನಸ್ಸಿಲ್ಲ. ಅದಕ್ಕೇ ಯಾರೂ ತಡೆಯುವುದಿಲ್ಲ.

ಇಂಥ ನಾಚಿಕೆಯನ್ನು ಉಕ್ರೇನಿನ ನಾಟಕಕಾರರು ಬಹಳ ಮೊದಲೇ ಕಂಡಿದ್ದರು. 1876ರಲ್ಲಿ ರಷ್ಯದ ಚಕ್ರವರ್ತಿ ಉಕ್ರೇನಿ ಭಾಷೆಯ ನಾಟಕಗಳನ್ನೇ ನಿಷೇಧಿಸಿದ. 1881ರಲ್ಲಿ ಸಡಿಲಿಸಿದಾಗಲೂ ಅದೇ ಸಂಜೆ ರಷ್ಯನ್ ನಾಟಕವನ್ನೂ ಆಡಬೇಕೆಂಬ ಷರತ್ತು ಬಂತು. ಲೆಸ್ಯಾ ಉಕ್ರಾಯಿಂಕಾ 1910ರಲ್ಲಿ ಬರೆದ ‘ಬೊಯಾರಿನ್ಯಾ’ ನಾಟಕದಲ್ಲಿ ಉಕ್ರೇನಿನ ಹುಡುಗಿಯೊಬ್ಬಳು ಮದುವೆಯಾಗಿ ಮಾಸ್ಕೋ ಸೇರುತ್ತಾಳೆ. ಧರ್ಮ ಒಂದೇ, ಗಂಡ ದುಷ್ಟನಲ್ಲ, ಆದರೂ ಅಲ್ಲಿನ ರೀತಿರಿವಾಜುಗಳ ನಡುವೆ ದಿನದಿನಕ್ಕೆ ಬಾಡಿಹೋಗುತ್ತಾಳೆ. ಮಿಕೊಲಾ ಕುಲಿಶ್ 1929ರ ‘ಮಿನಾ ಮಜಾಯ್ಲೊ’ದಲ್ಲಿ ಖಾರ್ಕಿವ್ ನಗರದ ಒಬ್ಬ ನೌಕರನನ್ನು ತಂದ. ತನ್ನ ಉಕ್ರೇನಿ ಮನೆತನದ ಹೆಸರಿನಿಂದಲೇ ಮರ್ಯಾದೆ ಸಿಗುತ್ತಿಲ್ಲವೆಂದು ಅವನು ಅದನ್ನು ರಷ್ಯನ್ ಮಾಡಿಕೊಳ್ಳುತ್ತಾನೆ. ಮಗ ಎದುರು ನಿಲ್ಲುತ್ತಾನೆ, ಮನೆ ಇಬ್ಭಾಗವಾಗುತ್ತದೆ. ಅದು ಹಾಸ್ಯನಾಟಕ. ಎಂಟು ವರ್ಷಗಳ ನಂತರ ಸೋವಿಯತ್ ಆಡಳಿತ ಕುಲಿಶ್‌ನನ್ನು ಗುಂಡಿಕ್ಕಿ ಕೊಂದಿತು. ಎರಡೂ ನಾಟಕಗಳಲ್ಲಿ ಯುದ್ಧ ರಂಗದ ಮೇಲೆ ಬರುವುದಿಲ್ಲ, ಇರುವುದು ಮನೆಯೊಳಗಿನ ನಾಚಿಕೆ. ಅದು ಮುಂದೆ ಏನಾಯಿತೆಂದು ರಷ್ಯ-ಉಕ್ರೇನ್ ಯುದ್ಧದಲ್ಲಿ ಲೋಕವೇ ಕಂಡಿದೆ.

ಮಹಾರಾಷ್ಟ್ರ ರಷ್ಯವಲ್ಲ, ಇಲ್ಲಿ ಯಾರೂ ಕನ್ನಡ ನಾಟಕವನ್ನು ನಿಷೇಧಿಸಿಲ್ಲ. ನಿಜವಾಗಿ ನಮ್ಮ ರಂಗಭೂಮಿಗಳು ಒಡಹುಟ್ಟಿದವು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿ ನಾಟಕಕ್ಕೆ ನಾಂದಿ ಹಾಡಿದ್ದು ನಮ್ಮ ಉತ್ತರ ಕನ್ನಡದ ಕರ್ಕಿಯ ಭಾಗವತರ ಆಟದ ಪ್ರೇರಣೆಯಿಂದ. ಇಷ್ಟು ಹತ್ತಿರದವರ ನಡುವೆಯೇ ಅವಮಾನ ಆಳಕ್ಕೆ ಇಳಿಯುವುದು.

2022ರ ನವೆಂಬರಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ, ಜತ್ತದ ಪಂಚಾಯಿತಿಗಳು ನೀರಿಲ್ಲದೆ ಬೇಸತ್ತು ಕರ್ನಾಟಕ ಸೇರುವ ನಿರ್ಣಯ ಮಾಡಿದ್ದನ್ನು ನೆನಪಿಸಿದರು. ಕೆಲವೇ ದಿನಗಳಲ್ಲಿ ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ. ಜತ್ತದ ಕೊರಗು ನೀರಿನದು. ಹೊರಗಿನವರು ಅದಕ್ಕೆ ಭಾಷೆಯ ಬೆಂಕಿ ಇಟ್ಟರು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಇಂದು ತಾಯಿಮಾತಿಗೆ ನಾಚಿದ ಹುಡುಗ ನಾಳೆ ಆ ನಾಚಿಕೆಗೆ ಸೇಡು ಹುಡುಕುತ್ತಾನೆ. ಕೈಗೆ ಕಲ್ಲು ಕೊಡುವವರು ಆಗ ಸಿಕ್ಕೇ ಸಿಗುತ್ತಾರೆ.

ಜತ್ತದ ಕನ್ನಡ ಶಾಲೆಗಳಲ್ಲಿ ಖಾಲಿ ಇರುವ ಶಿಕ್ಷಕರ ಜಾಗಗಳನ್ನು ಮಹಾರಾಷ್ಟ್ರ ಸರ್ಕಾರ ಈ ವರ್ಷವೇ ತುಂಬಲಿ. ಬೆಳಗಾವಿಯ ಮರಾಠಿ ಶಾಲೆಗಳಿಗೆ ಕರ್ನಾಟಕವೂ ಅಷ್ಟೇ ಮಾಡಲಿ.

ನಾಟಕ ಆಡಿಸುವವರು ನೆರೆಯವನ ಧಾಟಿಯನ್ನು ಪೆದ್ದನಿಗೂ ಠಕ್ಕನಿಗೂ ಕೊಡುವುದನ್ನು ಬರುವ ಜಾತ್ರೆಯಿಂದಲೇ ನಿಲ್ಲಿಸಲಿ.