ಓಟಗಾರನ ಅಂಗಾಲು, ಬೈಲಿನ ಕೆಸರು

ಚಳಿಗಾಲದ ಸೋಮವಾರ ಮುಂಜಾನೆ ಮೂಡುಬಿದಿರೆ, ವೇಣೂರು, ಬೆಳ್ತಂಗಡಿ, ಬಂಟ್ವಾಳಗಳ ಯಾವ ಹೋಟೆಲಿನಲ್ಲಿ ಚಹಾಕ್ಕೆ ಕುಳಿತರೂ ಕಿವಿಗೆ ಬೀಳುವ ಮಾತು ಒಂದೇ. ಹಗ್ಗ ಹಿರಿಯದಲ್ಲಿ ಯಾರ ಕೋಣಗಳು ಗೆದ್ದವು, ಓಡಿಸಿದವರು ಯಾರು, ಸೆಕೆಂಡು ಎಷ್ಟು? ಹೋದ ವಾರಕ್ಕಿಂತ ಈ ವಾರ ಎಷ್ಟು ಇಳಿಯಿತು? ಸೆಮಿಫೈನಲಿನವರೆಗೆ ಚೆನ್ನಾಗಿಯೇ ಓಡಿದ ಹುಡುಗನ ಕಾಲು ಕೊನೆಗೇಕೆ ಸೋತಿತು, ಮುಂದಿನ ಶನಿವಾರದೊಳಗೆ ಅವನ ಹಿಮ್ಮಡಿಯ ಗಾಯ ಮಾಗೀತೇ? ನವೆಂಬರಿನಲ್ಲಿ ಆರಂಭವಾಗಿ ಮಾರ್ಚ್ ಮುಗಿಯುವವರೆಗೆ ಕಡಲಕೆರೆ, ಪೆರ್ಮುಡ, ಹೊಕ್ಕಾಡಿಗೋಳಿ, ಕಕ್ಯಪದವು ಎಂದು ಕಂಬಳದ ಕರೆಗಳು ಊರಿಂದೂರಿಗೆ ಸರದಿ ಹಿಡಿದಂತೆ, ಓಟಗಾರರ ಏಳುಬೀಳುಗಳ ಲೆಕ್ಕವೂ ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ವಾರವಾರವೂ ಬಾಯಿಂದ ಬಾಯಿಗೆ, ಈಚೆಗೆ ಮೊಬೈಲಿನಿಂದ ಮೊಬೈಲಿಗೆ ದಾಟುತ್ತದೆ. ನಗರದ ಮ್ಯಾರಥಾನ್ ಪ್ರಿಯರು ವಾರದ ಅಭ್ಯಾಸದ ಲೆಕ್ಕವನ್ನು ಪರಸ್ಪರ ಹಂಚಿಕೊಳ್ಳುವ ಕ್ರಮವನ್ನು ಹೊಸತೆಂದು ಭಾವಿಸಿದ್ದರೆ ಅವರು ಒಂದು ಸೋಮವಾರ ಇತ್ತ ಬಂದು ಹೋಗಬಹುದು.

ಈ ಲೆಕ್ಕಾಚಾರದಲ್ಲಿ ಕೋಣದ ವಂಶ, ಹುರುಳಿಯ ಪ್ರಮಾಣ, ಮಾಲಿಷಿನ ಎಣ್ಣೆ ಎಲ್ಲವೂ ಚರ್ಚೆಯಾಗುತ್ತವೆ. ಓಟಗಾರನ ಬರಿಗಾಲು ಯಾವ ನೆಲದ ಮೇಲೆ ಪಳಗಿತು, ಆ ನೆಲ ಈಗ ಏನಾಗಿದೆ ಎಂಬ ಪ್ರಶ್ನೆ ಮಾತ್ರ ಏಳುವುದಿಲ್ಲ. ಕಂಬಳವನ್ನು ಪ್ರೀತಿಸುವವರೂ ವಿರೋಧಿಸುವವರೂ ಸಮಾನವಾಗಿ ಮರೆತ ಪ್ರಶ್ನೆಯಿದು.

೨೦೨೦ರ ಚಳಿಗಾಲವನ್ನೇ ನೆನಪಿಸಿಕೊಳ್ಳಬಹುದು. ಆ ಜನವರಿಯ ಮೊದಲ ವಾರ ಮೂಡುಬಿದಿರೆಯ ಸ್ವರಾಜ್ಯ ಮೈದಾನದ ಸಿಂಥೆಟಿಕ್ ಓಟದ ಹಾದಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆಯಿತು. ದ್ಯುತಿ ಚಂದ್ ಅಲ್ಲಿ ಓಡಿದರು. ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರವರಿ ೧ರಂದು, ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ ೧೪೨.೫ ಮೀಟರ್ ದೂರವನ್ನು ೧೩.೬೨ ಸೆಕೆಂಡುಗಳಲ್ಲಿ ಕ್ರಮಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ ೯.೫೫ ಎಂದರು, ಉಸೇನ್ ಬೋಲ್ಟ್ ೨೦೦೯ರಲ್ಲಿ ಬರ್ಲಿನ್ನಿನಲ್ಲಿ ಸ್ಥಾಪಿಸಿದ ೯.೫೮ರ ದಾಖಲೆ ಮುರಿಯಿತೆಂದು ದೇಶವೇ ಸಂಭ್ರಮಿಸಿತು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ ಅದಕ್ಕಿಂತಲೂ ವೇಗವಾಗಿ ಓಡಿದರೆಂಬ ಸುದ್ದಿ ಬಂದಿತು. ಕೇಂದ್ರದ ಕ್ರೀಡಾ ಸಚಿವರು ಗೌಡರನ್ನು ಪರೀಕ್ಷೆಗೆ ಆಹ್ವಾನಿಸಿದರು. ಕಟ್ಟಡ ಕೂಲಿಯಿಂದ ಜೀವನ ಸಾಗಿಸುತ್ತಿದ್ದ ಆ ಯುವಕ ನಯವಾಗಿ ನಿರಾಕರಿಸಿದರು.

ನಿರಾಕರಣೆಗೆ ಅವರು ಕೊಟ್ಟ ಕಾರಣ ಅಂದಿನ ಗದ್ದಲದಲ್ಲಿ ಸರಿಯಾಗಿ ಯಾರಿಗೂ ಕೇಳಿಸಲಿಲ್ಲ. ಕಂಬಳದಲ್ಲಿ ಕೆಲಸ ಮಾಡುವುದು ಹಿಮ್ಮಡಿ, ಟ್ರ್ಯಾಕಿನಲ್ಲಿ ಕಾಲ್ಬೆರಳು. ಕಂಬಳದಲ್ಲಿ ಕೋಣಗಳ ಪಾತ್ರವೂ ಇದೆ ಎಂಬುದು ಅವರ ಮಾತಿನ ಸಾರ. ಮುನ್ನುಗ್ಗುವ ಕೋಣಗಳ ಹಗ್ಗ ಹಿಡಿದವನ ದೇಹಕ್ಕೆ ಎಳೆತದ ಬಲ ದೊರೆಯುವುದರಿಂದ ಬೋಲ್ಟ್‌ನೊಂದಿಗಿನ ಹೋಲಿಕೆ ಮೊದಲೇ ತಪ್ಪು. ಹಿಮ್ಮಡಿಯ ಮಾತಿನಲ್ಲಿ ಮಾತ್ರ ಮಣ್ಣಿನ ವಿಜ್ಞಾನವೇ ಅಡಗಿದೆ. ನೀರು ನಿಲ್ಲಿಸಿ ಮತ್ತೆ ಮತ್ತೆ ಉತ್ತ ಗದ್ದೆಯಲ್ಲಿ ಮಣ್ಣಿನ ಹರಳುಗಳು ಒಡೆದು ಮೇಲ್ಪದರ ಗಂಜಿಯಂತಾಗುತ್ತದೆ. ಅದರ ಕೆಳಗೆ, ಸುಮಾರು ಒಂದು ಗೇಣಿನ ಆಳದಲ್ಲಿ, ನೇಗಿಲ ತಳವೂ ಜಾನುವಾರುಗಳ ಗೊರಸೂ ವರ್ಷಾನುಗಟ್ಟಲೆ ಒತ್ತಿದ್ದರಿಂದ ರೂಪುಗೊಂಡ ಗಟ್ಟಿ ಪದರವಿರುತ್ತದೆ. ನೀರು ಬೇಗನೆ ಬಸಿದು ಹೋಗದಂತೆ ತಡೆದು ಭತ್ತವನ್ನು ಬದುಕಿಸುವುದು ಆ ಪದರವೇ. ಕೆಸರನ್ನು ಸೀಳಿ ಇಳಿದ ಕಾಲು ಆಧಾರ ಪಡೆಯುವುದೂ ಅಲ್ಲಿಯೇ. ಬೆರಳ ತುದಿಯಿಂದ ಚಿಮ್ಮಹೊರಟವನು ಕೆಸರಿನಲ್ಲಿ ಜಾರುತ್ತಾನೆ. ಹಿಮ್ಮಡಿಯೂರಿ ತಳ ಕಂಡುಕೊಂಡವನು ಮುಂದೆ ಹೋಗುತ್ತಾನೆ. ಇಂದಿನ ಜೋಡುಕರೆಗಳಲ್ಲಿ ಮರಳು ಮಣ್ಣು ಬೆರೆಸಿ ಕಟ್ಟುವ ತಳ ಇದೇ ಗದ್ದೆಯ ಅನುಕರಣೆ.

ಬರಿಗಾಲ ಓಟದ ಕುರಿತು ಜಗತ್ತಿನಲ್ಲಿ ನಡೆದ ಚರ್ಚೆಯೂ ಸುತ್ತಿ ಬಂದು ಇಲ್ಲಿಗೇ ತಲಪಿದೆ. ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದದ್ದು ಪ್ರಸಿದ್ಧ. ೨೦೧೦ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು, ಬರಿಗಾಲಿನ ಓಟಕ್ಕೆ ಒಗ್ಗಿದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಅದರಿಂದ ನೆಲದ ಹೊಡೆತ ತಗ್ಗುತ್ತದೆ ಎಂದು ತೋರಿಸಿದರು. ಬೆನ್ನಿಗೇ ಪಾದರಕ್ಷೆಯ ಉದ್ಯಮ ‘ಬರಿಗಾಲಿನಂಥ’ ಬೂಟುಗಳನ್ನು ಮಾರಾಟಕ್ಕಿಟ್ಟಿತು. ಬರಿಗಾಲನ್ನೂ ದುಡ್ಡು ಕೊಟ್ಟು ಕೊಳ್ಳಬೇಕಾದ ಕಾಲ! ೨೦೧೩ರಲ್ಲಿ ಉತ್ತರ ಕೆನ್ಯಾದ ದಾಸನಾಚ್ ಜನರನ್ನು ಅಧ್ಯಯನ ಮಾಡಿದವರಿಗೆ ಬೇರೆಯದೇ ಚಿತ್ರ ಕಂಡಿತು. ಹುಟ್ಟಿನಿಂದ ಬರಿಗಾಲಿನಲ್ಲಿಯೇ ಇರುವ ಅವರು ಸಹಜ ವೇಗದ ಓಟದಲ್ಲಿ ಹೆಚ್ಚಾಗಿ ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ಹೇಗೆ ಓಡಬೇಕೆಂಬುದನ್ನು ಪಾದವೊಂದೇ ತೀರ್ಮಾನಿಸುವುದಿಲ್ಲ. ವೇಗ, ಅಭ್ಯಾಸ, ನೆಲ ಎಲ್ಲವೂ ಸೇರಿ ತೀರ್ಮಾನಿಸುತ್ತವೆ. ಅಶ್ವತ್ಥಪುರದ ಓಟಗಾರ ಪತ್ರಕರ್ತರಿಗೆ ಹೇಳಿದ್ದು ಇದಕ್ಕಿಂತ ಬಹಳ ದೂರದ ಮಾತಲ್ಲ.

ಪಾದ ಬಾಲ್ಯದಲ್ಲಿಯೇ ರೂಪುಗೊಳ್ಳುತ್ತದೆ ಎಂಬುದಕ್ಕೆ ಪುರಾವೆ ಕರಾವಳಿಯಲ್ಲಿಯೇ ಇದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು ೨,೩೦೦ ಮಕ್ಕಳ ಪಾದದ ಅಚ್ಚುಗಳನ್ನು ಪರೀಕ್ಷಿಸಿ ೧೯೯೨ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡಾ ೮.೬ರಷ್ಟಿದ್ದರೆ, ಧರಿಸದವರಲ್ಲಿ ಕೇವಲ ೨.೮ರಷ್ಟಿತ್ತು. ಹಿಂದಿನ ತಲೆಮಾರಿನ ಕಂಬಳದ ಓಟಗಾರನಿಗೆ ಪ್ರತ್ಯೇಕ ಅಭ್ಯಾಸ ಬೇಕಿರಲಿಲ್ಲ. ಏಣೆಲು, ಸುಗ್ಗಿ, ನೀರಿದ್ದಲ್ಲಿ ಕೊಳಕೆ ಎಂಬ ಮೂರು ಬೆಳೆಗಳ ಉಳುಮೆ, ಹಲಗೆ ಹೊಡೆಯುವುದು, ನೇಜಿ ಹೊರುವುದು, ಗದ್ದೆಯ ಹುಣಿಯ ಮೇಲೆ ಶಾಲೆಗೆ ಓಡುವುದು, ಇವೇ ಅವನ ತರಬೇತಿಯಾಗಿದ್ದವು. ಈಗ ತರಬೇತಿ ಬೇಕಾಗಿದೆ. ೨೦೧೧ರಲ್ಲಿ ಗುಣಪಾಲ ಕಡಂಬರು ಮಿಯಾರಿನಲ್ಲಿ ಕಂಬಳ ಅಕಾಡೆಮಿ ಆರಂಭಿಸಿದ್ದು ಈ ಕೊರತೆಯನ್ನು ಅರಿತೇ ಇರಬೇಕು. ಶ್ರೀನಿವಾಸ ಗೌಡರೂ ಅಲ್ಲಿ ಕಲಿತವರು. ಇಂದಿನ ಯುವಕನ ವಾರದಲ್ಲಿ ಜಿಮ್ ಇದೆ, ಮೈದಾನದ ಸುತ್ತುಗಳಿವೆ, ಋತುವಿನ ಆರಂಭದಲ್ಲಿ ಕುದಿ ಕಂಬಳಗಳಿವೆ. ಅನೇಕರಿಗೆ ವಿಶ್ರಾಂತಿಯ ದಿನವೆಂದರೆ ಕೂಲಿಯ ದಿನ. ಗದ್ದೆ ಮಾತ್ರ ಆ ವಾರದ ಪಟ್ಟಿಯಿಂದ ಜಾರಿಹೋಗಿದೆ.

ಗದ್ದೆ ಎಲ್ಲಿ ಹೋಯಿತೆಂದು ಹುಡುಕಲು ಬಹಳ ನಡೆಯಬೇಕಿಲ್ಲ. ಬೆಳ್ತಂಗಡಿಯ ಮಜಲುಗಳನ್ನು ಅಡಕೆ, ಬೆಟ್ಟುಗಳನ್ನು ರಬ್ಬರು ಆಕ್ರಮಿಸಿವೆ. ಬಂಟ್ವಾಳದ ಬೈಲುಗಳಲ್ಲಿ ಹೆದ್ದಾರಿಯ ಬದಿಯ ಗದ್ದೆಗಳಿಗೆ ಗುಡ್ಡದ ಕೆಂಪು ಮಣ್ಣು ಬಿದ್ದು ನಿವೇಶನಗಳಾಗಿವೆ. ಭತ್ತ ಬೆಳೆದವನಿಗೆ ಕೈಗೆ ಬರುವುದೇನು ಎಂಬುದು ಎಲ್ಲರಿಗೂ ತಿಳಿದಿರುವುದರಿಂದ ರೈತನನ್ನು ದೂಷಿಸುವುದು ಅನ್ಯಾಯ. ಆದರೆ ಒಮ್ಮೆ ಮಣ್ಣು ತುಂಬಿ, ಕಾಲುವೆ ತೋಡಿ ಬಸಿದ ಗದ್ದೆಯ ಆ ಗಟ್ಟಿ ಪದರ ಒಡೆದರೆ, ಮತ್ತೆ ನೀರು ನಿಲ್ಲುವ ನೆಲವಾಗಲು ಹಲವು ವರ್ಷಗಳ ಉಳುಮೆ ಬೇಕು. ಮಳೆಗಾಲದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ತಗ್ಗಿನ ಬಾವಿಗಳಿಗೆ ಇಳಿಸುತ್ತಿದ್ದ ಕೆಲಸವೂ ಅಲ್ಲಿಗೆ ನಿಲ್ಲುತ್ತದೆ. ಅತ್ತ ಶಾಲೆಗಳ ಅಂಗಳಕ್ಕೆ ಇಂಟರ್‌ಲಾಕ್ ಹಾಸುವುದು ಅಭಿವೃದ್ಧಿಯ ಲಕ್ಷಣವಾಗಿದೆ. ಏಪ್ರಿಲ್ ಬಿಸಿಲಿಗೆ ಕಾದ ಆ ಹಾಸಿನ ಮೇಲೆ ಯಾವ ಮಗು ಬರಿಗಾಲಿನಲ್ಲಿ ಓಡೀತು?

ಕಂಬಳಕ್ಕೆ ಮಾತ್ರ ಗದ್ದೆಯ ಹಂಗು ಕಡಿಮೆಯಾಗುತ್ತ ಬಂದಿದೆ. ಪೂಕರೆ ಹಾಕಿ, ಕೋಣ ಇಳಿಸಿ, ಮರುದಿನ ಬಿತ್ತುತ್ತಿದ್ದ ದೇವರ ಕಂಬಳದ ಗದ್ದೆ ಬೇರೆ. ವರ್ಷವಿಡೀ ಬೆಳೆಯಿಲ್ಲದೆ ಒಂದೆರಡು ದಿನಗಳಿಗಾಗಿ ಕಾದಿರುವ ಜೋಡುಕರೆ ಬೇರೆ. ೨೦೨೩ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕರೆ ನಿರ್ಮಿಸಿ ಕಂಬಳ ನಡೆಸಲಾಯಿತು. ಕರೆಯನ್ನು ರಾಜಧಾನಿಗೆ ಒಯ್ಯಬಹುದೆಂದು ಸಾಬೀತಾಯಿತು. ಬೈಲನ್ನು ಒಯ್ಯುವ ಉಪಾಯ ಮಾತ್ರ ಯಾರಿಗೂ ಹೊಳೆದಿಲ್ಲ.

ಹಾಗೆಂದು ಬರಿಗಾಲನ್ನು ಆರಾಧಿಸುವುದೂ ಸಲ್ಲ. ಈ ಸೀಮೆಯಲ್ಲಿ ಬರಿಗಾಲು ಬಹುಕಾಲ ಬಡತನದ, ಜಾತಿಯ ಗುರುತಾಗಿತ್ತು. ಕಂಬಳಕ್ಕೆ ಮೊದಲು ಕರೆಯಲ್ಲಿ ಕೊರಗರನ್ನು ಕೋಣಗಳಂತೆ ಓಡಿಸುವ ಪದ್ಧತಿಯಿತ್ತು. ಅದನ್ನು ಅಪರಾಧವೆಂದು ಹೆಸರಿಸಿಯೇ ನಿಷೇಧಿಸಲು ೨೦೦೦ದಲ್ಲಿ ಅಜಲು ಪದ್ಧತಿ ನಿಷೇಧ ಕಾಯಿದೆ ಬರಬೇಕಾಯಿತು. ಪರಂಪರೆಯ ಹಿರಿಮೆ ಹೇಳುವ ವೇದಿಕೆಗಳಲ್ಲಿ ಆ ಓಟಗಾರರ ಹೆಸರು ಕೇಳಿಬರುವುದಿಲ್ಲ. ಅವರ ಸೆಕೆಂಡುಗಳನ್ನು ಯಾರೂ ಎಣಿಸಿರಲಿಲ್ಲ. ಬರಿಗಾಲು ನೆಲವನ್ನು ನಂಬುವ ಅಂಗ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಆ ನಂಬಿಕೆ ಏನಾಯಿತೆಂಬುದನ್ನು ಅಲ್ಲಿನ ಮನೆಗಳು ಇಂದಿಗೂ ಅನುಭವಿಸುತ್ತಿವೆ. ಸರ್ವೋಚ್ಚ ನ್ಯಾಯಾಲಯ ೨೦೧೧ರಲ್ಲಿ ಅದನ್ನು ತಡೆಯಿತು. ಈಗ ಹುಲ್ಲು ಕೊಲ್ಲುವ ಔಷಧಿಗಳು ಹುಣಿಗಳಿಗೂ ತೋಟಗಳಿಗೂ ಬಂದಿವೆ. ಕೆಸರಿನಲ್ಲಿ ಇಲಿಜ್ವರದ ರೋಗಾಣು, ಕೊಕ್ಕೆಹುಳು, ಒಡೆದ ಬಾಟಲಿಯ ಚೂರು ಎಲ್ಲವೂ ಇರಬಹುದು. ಹಿಮ್ಮಡಿ ಬಿರಿದವನು ಧನುರ್ವಾಯು ಲಸಿಕೆಯಿಲ್ಲದೆ ಕರೆಗೆ ಇಳಿಯುವುದು ಶೌರ್ಯವೇನಲ್ಲ.

೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಕಂಬಳ ನಿಂತು, ಬೀದಿಯ ಹೋರಾಟ, ರಾಜ್ಯದ ತಿದ್ದುಪಡಿ ಕಾಯಿದೆಗಳ ಬಳಿಕ ೨೦೨೩ರ ಮೇ ೧೮ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷಗಳ ಆ ವಾದದಲ್ಲಿ ಕೋಣದ ನೋವು ವಿಚಾರಣೆಗೆ ಬಂದಿತು, ಬರಲೇಬೇಕಿತ್ತು. ಅದರ ಹಿಂದೆ ಓಡುವ ಮನುಷ್ಯನ ಕಾಲು ಬರಲಿಲ್ಲ. ಪವನು ಲೆಕ್ಕದಲ್ಲಿ ಚಿನ್ನದ ಬಹುಮಾನ ಘೋಷಿಸಿ ಕೋಣಗಳ ಯಜಮಾನರನ್ನು ಗೌರವಿಸುವ ಸಮಿತಿಗಳು, ಪ್ರತಿ ಓಟಗಾರನ ಲಸಿಕೆ, ವಿಮೆ, ಋತುವಿನ ಮೊದಲೊಮ್ಮೆ ಕೊನೆಗೊಮ್ಮೆ ವೈದ್ಯಕೀಯ ತಪಾಸಣೆ ಇಷ್ಟನ್ನು ತಮ್ಮ ಖರ್ಚಿನ ಪಟ್ಟಿಗೆ ಸೇರಿಸುವುದು ಅಸಾಧ್ಯವೇನಲ್ಲ. ಕರೆಗೆ ಬಿಡುವ ನೀರಿನ ಪರೀಕ್ಷೆಯೂ ಅಂಥದೇ.

ಇದಕ್ಕಿಂತ ದೊಡ್ಡ ಹೊಣೆ ಗದ್ದೆಯದು. ಉಡುಪಿಯಲ್ಲಿ ೨೦೨೧ರಲ್ಲಿ ಹಡಿಲು ಬಿದ್ದ ಭೂಮಿಗೆ ಜನರನ್ನು ಸೇರಿಸಿ ಭತ್ತ ಬೆಳೆದ ಉದಾಹರಣೆ ಕಣ್ಣಮುಂದಿದೆ. ಆಟಿಯ ಮಳೆಯಲ್ಲಿ ‘ಕೆಸರ್ಡೊಂಜಿ ದಿನ’ ಎಂದು ಗದ್ದೆಗೆ ಇಳಿದು ಓಡಿ, ಫೋಟೊ ತೆಗೆಸಿಕೊಂಡು ಮನೆಗೆ ಮರಳುವ ಯುವಕ ಮಂಡಲಗಳು ಮರುದಿನವೂ ಬಂದು ಅದೇ ಗದ್ದೆಗೆ ನೇಜಿ ನೆಡಬಹುದು. ಪ್ರತಿ ಕಂಬಳ ಸಮಿತಿ ತನ್ನ ಊರಿನಲ್ಲಿ ಹಡಿಲು ಬಿದ್ದ ಒಂದು ಎಕರೆ ಬೈಲನ್ನು ವಹಿಸಿಕೊಳ್ಳಲಿ. ಏಣೆಲಿನಲ್ಲಿ ಅಲ್ಲಿ ಉಳುವವರು, ನೆಡುವವರು, ಕಟಾವು ಮಾಡುವವರು ಅದೇ ಓಟಗಾರರಾಗಲಿ, ಕೂಲಿಯನ್ನು ಸಮಿತಿಯೇ ಕೊಡಲಿ. ಕೊಯಿಲು ಮುಗಿದ ಗದ್ದೆಯಲ್ಲಿ ನವೆಂಬರಿನ ಕುದಿಗೆ ಮೊದಲಿನ ಬರಿಗಾಲ ಅಭ್ಯಾಸ ನಡೆಯಲಿ, ಹತ್ತಿರದ ಶಾಲೆಯ ಮಕ್ಕಳೂ ಶನಿವಾರ ಮಧ್ಯಾಹ್ನ ಅಲ್ಲಿಗೆ ಬರಲಿ. ಹೊಕ್ಕಾಡಿಗೋಳಿ, ಪೆರ್ಮುಡ, ಕಡಲಕೆರೆ ಎಂದು ಮೂರು ಕಡೆ ಮೂರು ಎಕರೆಗಳಿಂದ ಆರಂಭಿಸಿದರೂ ಸಾಕು. ಬಿತ್ತನೆಗೆ ಉಳಿದಿರುವುದು ಮುಂದಿನ ಮುಂಗಾರಿನವರೆಗಿನ ಅವಧಿ. ಋತುವಿನ ಕೊನೆಯ ಕಂಬಳ ಮುಗಿದ ಬಳಿಕ ಸಮಿತಿಗಳ ಸಭೆಯಲ್ಲಿಯೇ ವಿಷಯವನ್ನು ಎತ್ತಬಹುದು.