ಅಂಗಡಿಯ ‘ಸಾವಯವ’ ಮೊಟ್ಟೆ, ಹಿತ್ತಿಲ ನಾಟಿ ಮೊಟ್ಟೆ: ಯಾವುದು ಮೇಲು?

ಬೆಂಗಳೂರು: 2025ರ ಡಿಸೆಂಬರ್ ತಿಂಗಳಿನಲ್ಲಿ ಮೊಟ್ಟೆಯ ಮೇಲೆ ಅನುಮಾನದ ನೆರಳು ಬಿದ್ದಿತ್ತು. ಬ್ರ್ಯಾಂಡ್ ಹೆಸರಿನ ಮೊಟ್ಟೆಯೊಂದರಲ್ಲಿ ನಿಷೇಧಿತ ನೈಟ್ರೋಫ್ಯುರಾನ್ ಔಷಧದ ಅಂಶ ಪತ್ತೆಯಾಗಿದೆ ಎಂಬ ವಿಡಿಯೊ ಹರಿದಾಡಿದ್ದೇ ತಡ, ರಾಜ್ಯದಲ್ಲಿಯೂ ಮಾದರಿಗಳ ಪರೀಕ್ಷೆಗೆ ಸೂಚನೆ ಹೊರಬಿದ್ದಿತು. ದೇಶದಲ್ಲಿ ಮಾರಾಟವಾಗುವ ಮೊಟ್ಟೆ ಸುರಕ್ಷಿತ ಎಂದು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಸ್ಪಷ್ಟಪಡಿಸಿದ ಬಳಿಕ ಕೋಲಾಹಲ ತಣ್ಣಗಾಯಿತು. ಆದರೆ ಗ್ರಾಹಕನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ದುಬಾರಿ ಬೆಲೆ ತೆತ್ತು ಅಂಗಡಿಯ ‘ಸಾವಯವ’ ಮೊಟ್ಟೆ ಕೊಳ್ಳಬೇಕೇ ಅಥವಾ ಹಿತ್ತಿಲ ನಾಟಿ ಕೋಳಿಯನ್ನೇ ನೆಚ್ಚಬೇಕೇ?

‘ಸಾವಯವ’ ಎಂದರೇನು?

ಈ ಪದಕ್ಕೆ ಕಾನೂನಿನ ಚೌಕಟ್ಟಿದೆ. 2017ರಲ್ಲಿ ರೂಪುಗೊಂಡ ಸಾವಯವ ಆಹಾರ ನಿಯಮಾವಳಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಇದರನ್ವಯ ಸಾವಯವ ಎಂದು ಮಾರುವ ಪದಾರ್ಥಕ್ಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪದ್ಧತಿಯ ಪ್ರಮಾಣೀಕರಣ ಅಗತ್ಯ. ಮೊಟ್ಟೆಯ ಮಟ್ಟಿಗೆ ಹೇಳುವುದಾದರೆ, ಕೋಳಿ ತಿನ್ನುವ ಮೆಕ್ಕೆಜೋಳ, ಸೋಯಾ ಮುಂತಾದ ಮೇವೂ ಸಾವಯವ ಬೆಳೆಯಾಗಿರಬೇಕು.

ಆದರೆ ಮಾರುಕಟ್ಟೆಯ ಡಬ್ಬಿಗಳ ಮೇಲೆ ರಾರಾಜಿಸುವ ಪದಗಳೇ ಬೇರೆ. ‘ಗಿಡಮೂಲಿಕೆ ಮೇವು’, ‘ಫಾರ್ಮ್ ಫ್ರೆಶ್’, ‘ನ್ಯಾಚುರಲ್’, ‘ಆಂಟಿಬಯಾಟಿಕ್ ರಹಿತ’ ಎಂಬ ಯಾವ ಪದವೂ ಸಾವಯವಕ್ಕೆ ಸಮಾನವಲ್ಲ. ನೈಟ್ರೋಫ್ಯುರಾನ್ ಬಳಕೆ ಎಲ್ಲ ಬಗೆಯ ಕೋಳಿ ಸಾಕಣೆಯಲ್ಲಿಯೂ ನಿಷಿದ್ಧವೇ. ಕಿಲೋಗೆ 1 ಮೈಕ್ರೋಗ್ರಾಂ ಎಂಬ ಮಿತಿ ಇರುವುದು ಕ್ರಮ ಜರುಗಿಸುವ ಅನುಕೂಲಕ್ಕಾಗಿಯೇ ವಿನಾ ಬಳಕೆಗೆ ನೀಡಿದ ಪರವಾನಗಿಯಲ್ಲ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕಿಗೂ 2019ರಲ್ಲಿಯೇ ನಿಷೇಧ ಹೇರಲಾಗಿದೆ. ಕಾನೂನು ಪಾಲನೆಯನ್ನೇ ಹಿರಿಮೆಯೆಂದು ಮಾರುವಾಗ ಗ್ರಾಹಕ ಎಚ್ಚರ ವಹಿಸಬೇಕಾಗುತ್ತದೆ.

ಬಣ್ಣಕ್ಕೆ ಮರುಳಾಗಬೇಡಿ

ಕಂದು ಸಿಪ್ಪೆ ಕಂಡೊಡನೆ ನಾಟಿ ಮೊಟ್ಟೆ ಎಂದು ಭಾವಿಸುವವರು ಬಹಳ. ಸಿಪ್ಪೆಯ ಬಣ್ಣ ನಿರ್ಧಾರವಾಗುವುದು ತಳಿಯಿಂದ. ಫಾರಂಗಳಲ್ಲಿಯೂ ಕಂದು ಮೊಟ್ಟೆಯಿಡುವ ತಳಿಗಳಿವೆ. ಹಳದಿ ಭಾಗದ ಗಾಢ ಬಣ್ಣವೂ ಮೇವಿನ ಮಹಿಮೆ. ಮೆಕ್ಕೆಜೋಳ ಹೆಚ್ಚಿಸಿದರೆ ಅಥವಾ ಚೆಂಡುಹೂವಿನ ಸಾರ ಬೆರೆಸಿದರೆ ಆ ಬಣ್ಣ ತಾನಾಗಿ ಬರುತ್ತದೆ.

ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡುತ್ತದೆ. ಅಪ್ಪಟ ನಾಟಿ ಕೋಳಿ ಕೆಲವು ಮೊಟ್ಟೆಯಿಟ್ಟು ಕಾವಿಗೆ ಕೂರುವುದರಿಂದ ನೂರರ ಗಡಿ ಮುಟ್ಟುವುದೇ ಅಪರೂಪ. ಹೀಗಿರುವಾಗ ವರ್ಷವಿಡೀ ನಗರದ ಮಳಿಗೆಗಳಲ್ಲಿ ‘ನಾಟಿ ಮೊಟ್ಟೆ’ ರಾಶಿ ಬೀಳುವುದು ಹೇಗೆ ಎಂಬ ಪ್ರಶ್ನೆ ಸಹಜ.

ಹಿತ್ತಿಲೂ ಹಿತವೇ?

ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆ ಮೊಟ್ಟೆಯ ವಿಷಯದಲ್ಲಿ ತಿರುಗುಮುರುಗಾಗಿದೆ. ಮನೆಯದ್ದೆಲ್ಲವೂ ಶುದ್ಧ ಎಂಬ ನಂಬಿಕೆ ಬೇರೂರಿದೆ. ಈ ನಂಬಿಕೆಗೆ ಆಧಾರವಿಲ್ಲದಿಲ್ಲ. ಹುಲ್ಲು, ಸೊಪ್ಪು ಮೇಯ್ದ ಕೋಳಿಯ ಮೊಟ್ಟೆಯಲ್ಲಿ ಪಂಜರದ ಕೋಳಿಯ ಮೊಟ್ಟೆಗಿಂತ ಎರಡು ಪಟ್ಟು ಇ ಜೀವಸತ್ವ ಹಾಗೂ ಎರಡು ಪಟ್ಟಿಗೂ ಮಿಗಿಲಾದ ಒಮೆಗಾ-3 ಕೊಬ್ಬು ಇರುವುದನ್ನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ 2010ರ ಅಧ್ಯಯನ ತೋರಿಸಿತ್ತು.

ಆದರೆ ನೆಲ ಕೆಟ್ಟಿದ್ದರೆ ಮೊಟ್ಟೆಯೂ ಕೆಡುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮನೆಯಂಗಳದ ಕೋಳಿಗಳ ಮೊಟ್ಟೆಯಲ್ಲಿ ಅಂಗಡಿ ಮೊಟ್ಟೆಗಿಂತ ಸರಾಸರಿ 40 ಪಟ್ಟು ಹೆಚ್ಚು ಸೀಸವಿರುವುದು 2022ರಲ್ಲಿ ಬೆಳಕಿಗೆ ಬಂದಿತು. 2025ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ಸಾರ್ವಜನಿಕ ಆರೋಗ್ಯ ಸಂಸ್ಥೆಯು, ಪಿಎಫ್‌ಎಎಸ್ ರಾಸಾಯನಿಕಗಳ ಕಾರಣದಿಂದ, ಮನೆ ಕೋಳಿಯ ಮೊಟ್ಟೆ ತಿನ್ನದಿರುವಂತೆ ದೇಶದ ಜನತೆಗೇ ಸಲಹೆ ನೀಡಿತು. ಕೋಳಿ ಕೆದಕಿ ತಿನ್ನುವ ಎರೆಹುಳುವಿನ ಮೇಲೆಯೇ ಅಲ್ಲಿ ಶಂಕೆ ಮೂಡಿತ್ತು.

ನಮ್ಮ ಹಳ್ಳಿಯ ತಿಪ್ಪೆಗೂ ಸಿಡ್ನಿಯ ಅಂಗಳಕ್ಕೂ ಹೋಲಿಕೆ ಸಲ್ಲದು ನಿಜ. ಆದರೂ ಪ್ಲಾಸ್ಟಿಕ್ ಸುಡುವ ಜಾಗ, ಹಳೆಯ ಬ್ಯಾಟರಿ ಒಡೆಯುವ ಗುಜರಿ, ಕೈಗಾರಿಕಾ ಪ್ರದೇಶದ ಚರಂಡಿ ಬದಿಯಲ್ಲಿ ಮೇಯುವ ಕೋಳಿಯನ್ನು ‘ನಾಟಿ’ ಎಂಬ ಒಂದೇ ಕಾರಣಕ್ಕೆ ಶುದ್ಧವೆನ್ನಲಾಗದು.

ಆಗಬೇಕಾದುದೇನು?

ಈ ವಿವಾದದಲ್ಲಿ ನಷ್ಟ ಅನುಭವಿಸುವವಳು ನಾಲ್ಕಾರು ಕೋಳಿ ಸಾಕಿದ ಹಳ್ಳಿಯ ಹೆಣ್ಣುಮಗಳು. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ಹಿತ್ತಿಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, ಹಿಂದಿನ ಗಣತಿಗಿಂತ ಶೇ. 46ರಷ್ಟು ಏರಿಕೆ. ಅವಳ ಬಳಿ ಪ್ರಮಾಣಪತ್ರವಿಲ್ಲ, ಜಾಹೀರಾತಿಲ್ಲ. ‘ನಾಟಿ’ ಎಂಬ ಹೆಸರಿನ ಲಾಭವನ್ನು ಬೇರೆಯವರು ಪಡೆಯುತ್ತಿದ್ದಾರೆ.

ವಾರ್ಷಿಕ 12 ಲಕ್ಷ ರೂಪಾಯಿವರೆಗೆ ವಹಿವಾಟಿರುವ ಸಣ್ಣ ಉತ್ಪಾದಕರು ಗ್ರಾಹಕರಿಗೆ ನೇರವಾಗಿ ಮಾರುವುದಾದರೆ ಸಾವಯವ ಪ್ರಮಾಣೀಕರಣದಿಂದ ವಿನಾಯಿತಿ ಇದೆ. ಸ್ತ್ರೀಶಕ್ತಿ ಗುಂಪುಗಳು ಈ ಅವಕಾಶ ಬಳಸಿಕೊಳ್ಳುವಂತೆ ಪಶುಪಾಲನಾ ಇಲಾಖೆ ಮುತುವರ್ಜಿ ವಹಿಸಬೇಕು. ಮಣ್ಣು, ಮೊಟ್ಟೆಯ ಪರೀಕ್ಷೆಗೆ ಜಿಲ್ಲಾ ಮಟ್ಟದಲ್ಲಿ ವ್ಯವಸ್ಥೆ ಆಗಬೇಕು. ‘ನಾಟಿ’ ಎಂಬ ಪದದ ಬಳಕೆಗೂ ಸ್ಪಷ್ಟ ಮಾನದಂಡ ಬೇಕು.

ಅಲ್ಲಿಯವರೆಗೆ ಗ್ರಾಹಕನಿಗೆ ದಾರಿ ಎರಡೇ. ಅಂಗಡಿಯಲ್ಲಾದರೆ ಡಬ್ಬಿಯ ಚಿತ್ರ ಬಿಟ್ಟು ಪ್ರಮಾಣೀಕರಣದ ಅಧಿಕೃತ ಚಿಹ್ನೆಯನ್ನು ಹುಡುಕುವುದು. ಹಳ್ಳಿಯಲ್ಲಾದರೆ ಕೋಳಿ ಎಲ್ಲಿ ಮೇಯುತ್ತದೆ, ಏನು ತಿನ್ನುತ್ತದೆ ಎಂದು ಕೇಳುವುದು. ಎರಡಕ್ಕೂ ಉತ್ತರ ಸಿಗದಿದ್ದರೆ ಹೆಚ್ಚಿನ ಬೆಲೆ ತೆರುವ ಅಗತ್ಯವಿಲ್ಲ. ಸಾಮಾನ್ಯ ಬಿಳಿ ಮೊಟ್ಟೆಯಲ್ಲಿಯೂ ಸುಮಾರು 6 ಗ್ರಾಂ ಪ್ರೋಟೀನು ಇದ್ದೇ ಇದೆ.